ಹಾಡು ಮುಗಿದ ಮೇಲೆ ಹೇಳುವ ಹೆಸರು

ಬೆಳಗಿನ ಜಾವ ನಾಲ್ಕೂಮುಕ್ಕಾಲು. ಬನಶಂಕರಿ ಎರಡನೇ ಹಂತದ ಹಳೆಯ ಮನೆಯೊಂದರ ಉಗ್ರಾಣದಲ್ಲಿ ಜಯಸಿಂಹ ಕೂತಿದ್ದಾರೆ. ಒಂದು ಕಾಲಕ್ಕೆ ಅಕ್ಕಿ ಮೂಟೆ, ಉಪ್ಪಿನಕಾಯಿ ಜಾಡಿ ಇಡುತ್ತಿದ್ದ ಕೋಣೆ ಇದು. ಈಗ ನಾಲ್ಕೂ ಗೋಡೆಗೆ ಜಮಖಾನ ಹೊಡೆದಿದೆ, ಕಿಟಕಿಗೆ ಹಳೆಯ ಹಾಸಿಗೆ ಒರಗಿಸಿದೆ. ಮೇಜಿನ ಮೇಲೆ ಒಂದು ಟೇಪ್ ರೆಕಾರ್ಡರ್, ಕಾಲುಚೀಲ ತೊಡಿಸಿದ ಒಂದು ಮೈಕು, ಒಂದು ಲೋಟ ಬಿಸಿನೀರು, ಪಿಯುಸಿ ಮೊದಲ ವರ್ಷದ ಇತಿಹಾಸ ಪುಸ್ತಕ. ಫ್ಯಾನ್ ಹಾಕುವ ಹಾಗಿಲ್ಲ, ಅದರ ಗರಗರ ಟೇಪಿಗೆ ಬೀಳುತ್ತದೆ. ಮೇ ತಿಂಗಳ ಸೆಕೆಯಲ್ಲಿ ಬನಿಯನ್ನಿನಲ್ಲೇ ಕೂತು ಅವರು ಕಣ್ಣಿಲ್ಲದವರಿಗಾಗಿ ಪಾಠ ಓದುತ್ತಾರೆ.

ಈ ಕೆಲಸಕ್ಕೆ ಈ ಹೊತ್ತೇ ಆಗಬೇಕು. ಐದೂವರೆಗೆ ಮೂಲೆಯ ಬೂತಿನಲ್ಲಿ ಹಾಲಿನ ಕ್ರೇಟು ಇಳಿಸುತ್ತಾರೆ. ಆರಕ್ಕೆ ಗುಡಿಯ ಸುಪ್ರಭಾತ, ಆರೂಕಾಲಿಗೆ ಬಸ್ ಸ್ಟ್ಯಾಂಡಿನ ಕಡೆಯಿಂದ ಮೊದಲ ಬಸ್ಸುಗಳು, ಆಮೇಲೆ ಬೀದಿಯವರೆಲ್ಲ ನೀರಿನ ಪಂಪು ಹಾಕಿದರೆ ಮುಗಿಯಿತು. ಇವನ್ನೆಲ್ಲ ಹೇಗೋ ಸಹಿಸಬಹುದು, ಸಹಿಸಲಾಗದ್ದು ಕೋಗಿಲೆ. "ಕವಿಗಳು ಏನ್ ಬೇಕಾದ್ರೂ ಬರ್ಕೊಳ್ಲಿ ಸಾರ್, ಮೇ ತಿಂಗಳಲ್ಲಿ ಅದರಷ್ಟು ದೊಡ್ಡ ಶತ್ರು ನನಗಿಲ್ಲ. ಅಶೋಕನ ಶಾಸನ ಓದ್ತಿದ್ರೆ ನಡುವೆ ಕುಹೂ ಅನ್ನುತ್ತೆ" ಎಂದು ಜಯಸಿಂಹ ಹಣೆ ಚಚ್ಚಿಕೊಳ್ಳುತ್ತಾರೆ.

ಇವತ್ತು ಮಾತ್ರ ಕೋಗಿಲೆಯ ತಪ್ಪಿಲ್ಲ. ಓದುವಾಗ ತಡವರಿಸುತ್ತಿರುವವರು ಅವರೇ. ಒಂದು ಪುಟದಲ್ಲಿ ನಾಲ್ಕು ಸಲ ನಿಲ್ಲಿಸಿದ್ದಾರೆ, ಟೇಪು ಹಿಂದಕ್ಕೆ ಓಡಿಸಿ ಮತ್ತೆ ಓದಿದ್ದಾರೆ. ಮಧ್ಯಾಹ್ನ ಹನ್ನೆರಡಕ್ಕೆ ಎಸ್ಸೆಸ್ಸೆಲ್ಸಿ ಫಲಿತಾಂಶ. ಐವತ್ತೊಂದು ವರ್ಷದ ಈ ಮನುಷ್ಯ ತಾವೇ ಪರೀಕ್ಷೆ ಬರೆದವರಂತೆ ಒದ್ದಾಡುತ್ತಿದ್ದಾರೆ. ಅವರ ದನಿಯನ್ನೇ ನಂಬಿ ಓದಿದ ಏಳು ಜನ ಪರೀಕ್ಷೆಗೆ ಕೂತಿದ್ದರು. ಆ ಏಳೂ ಜನಕ್ಕೆ ಜಯಸಿಂಹ ಪಾಠ ತಪ್ಪು ಹೇಳಿಕೊಟ್ಟಿದ್ದರು. ತಪ್ಪನ್ನು ಪರೀಕ್ಷೆಗೆ ಮುಂಚೆ ತಿದ್ದಿದ್ದೇನೋ ಹೌದು. ಅದು ಆ ಹುಡುಗರ ತಲೆಯೊಳಗೂ ಸರಿಹೋಯಿತೋ ಇಲ್ಲವೋ ಎಂಬುದು ಇವತ್ತು ಗೊತ್ತಾಗಬೇಕು.

ಜಯಸಿಂಹ ಹುಟ್ಟಿದ್ದು ಬಸವನಗುಡಿ, ಬೆಳೆದದ್ದು ಜಯನಗರ ನಾಲ್ಕನೇ ಟಿ ಬ್ಲಾಕು. ತಂದೆಯದು ಕಾಲೇಜಿನಲ್ಲಿ ಸಂಸ್ಕೃತ ಪಾಠ. ಮಗ ಹಚ್ಚಿಕೊಂಡದ್ದು ರಾಕ್ ಸಂಗೀತ. "ನಮ್ಮಪ್ಪನಿಗೆ ಗೊತ್ತಿದ್ದ ರಾಕ್ ಅಂದ್ರೆ ಬಸವನಗುಡಿ ಬಂಡೆ, ಬ್ಯೂಗಲ್ ರಾಕ್ ಒಂದೇ. 'ಅಲ್ಲಿ ಹೋಗಿ ತಣ್ಣಗೆ ಕೂತ್ಕೋಬಹುದು, ನಿಂದರಲ್ಲಿ ಅದೂ ಆಗಲ್ವಲ್ಲೋ' ಅನ್ನೋರು." ಕಾರ್ಖಾನೆಯೊಂದರಲ್ಲಿ ಗುಮಾಸ್ತಿಕೆ ಮಾಡಿಕೊಂಡೇ ತೊಂಬತ್ತಮೂರರಲ್ಲಿ ಆಕಾಶವಾಣಿಗೆ ವಾರಕ್ಕೊಂದು ದಿನ ಪಾಶ್ಚಾತ್ಯ ಸಂಗೀತದ ಕಾರ್ಯಕ್ರಮ ನಡೆಸಲು ಹೋದರು. ಎರಡು ಸಾವಿರದ ಒಂದರಲ್ಲಿ ಊರಿಗೆ ಖಾಸಗಿ ಎಫ್‌ಎಂ ಬಂದ ಹೊಸತರಲ್ಲಿ ಕಾರ್ಖಾನೆಗೆ ಸ್ವಯಂ ನಿವೃತ್ತಿ ಬರೆದುಕೊಟ್ಟು ಒಂದು ಸ್ಟೇಷನ್ ಸೇರಿದರು.

ಮೈಕಿನ ಮುಂದೆ ಜಯನಗರದ ಜಯಸಿಂಹ 'ಜೇ ಸಿಮ್ಸ್' ಆದರು. ಭಾನುವಾರ ಬೆಳಿಗ್ಗೆ ಎರಡು ಗಂಟೆ ರಾಕ್. ಕೇಳುಗರೆಲ್ಲ ಇವರನ್ನು ಕಾಕ್ಸ್ ಟೌನಿನ ಆಂಗ್ಲೋ ಇಂಡಿಯನ್ ಎಂದೇ ನಂಬಿದ್ದರು. ಅಭಿಮಾನಿಯೊಬ್ಬ ವಿಳಾಸ ಹುಡುಕಿಕೊಂಡು ಮನೆಗೆ ಬಂದ. ಬಾಗಿಲು ತೆಗೆದದ್ದು ಪಂಚೆ ಉಟ್ಟು, ಮೈಮೇಲೆ ಜನಿವಾರ ಬಿಟ್ಟರೆ ಇನ್ನೇನೂ ಇಲ್ಲದ ಜೇ ಸಿಮ್ಸ್. "ಸಾರಿ ಅಂಕಲ್, ರಾಂಗ್ ಅಡ್ರೆಸ್" ಎಂದು ಹುಡುಗ ತಿರುಗಿಯೂ ನೋಡದೆ ಹೋದ. ಇವರೂ ಅವನನ್ನು ಕರೆಯಲಿಲ್ಲ. "ಅವನ ಜೇ ಸಿಮ್ಸ್ ಅವನ ಹತ್ರ ಇರ್ಲಿ ಅಂತ ಸುಮ್ನಾದೆ" ಎನ್ನುತ್ತಾರೆ.

ಎರಡು ಸಾವಿರದ ಆರರಲ್ಲಿ ಊರಿನಲ್ಲಿ ಸ್ಟೇಷನ್ನುಗಳು ಹೆಚ್ಚಿದವು, ಎಲ್ಲರಿಗೂ ಸಿನಿಮಾ ಹಾಡು ಬೇಕಾಯಿತು, ಮೈಕಿನ ಮುಂದೆ ಇಪ್ಪತ್ತೆರಡರ ಹುಡುಗ ಹುಡುಗಿಯರು ಬೇಕಾದರು. ಭಾನುವಾರದ ಎರಡು ಗಂಟೆ ಮೊದಲು ಒಂದಾಯಿತು, ಆಮೇಲೆ ಅರ್ಧವಾಯಿತು, ಆಮೇಲೆ ಸೊನ್ನೆ. ಜಯಸಿಂಹ ಯಾರನ್ನೂ ಬೈಯುವುದಿಲ್ಲ. "ಊರಿನ ರೇಡಿಯೋ ಊರಿನ ಭಾಷೇಲಿ ಮಾತಾಡ್ಬೇಕು, ಅದರಲ್ಲಿ ತಪ್ಪೇನಿದೆ? ನನಗೆ ಬೇಜಾರಾಗಿದ್ದು ಒಂದೇ. ಕೊನೇ ವಾರ ಕೊನೇ ಹಾಡು ಹಾಕಿ ಹೊರಗೆ ಬಂದೆ. ಒಬ್ಬನಾದ್ರೂ ಫೋನ್ ಮಾಡಿ ಯಾಕೆ ನಿಲ್ಲಿಸಿದ್ರಿ ಅಂತ ಕೇಳ್ತಾನೇನೋ ಅಂತ ಮೂರು ವಾರ ಕಾದೆ."

ಒಬ್ಬನೂ ಕೇಳಲಿಲ್ಲ. ಆ ಸ್ಟೇಷನ್ನಿನಲ್ಲಿ ರಾಕ್ ಹಾಕುತ್ತಿದ್ದವರು ಒಟ್ಟು ನಾಲ್ವರು. ಒಬ್ಬರು ಬನ್ನೇರುಘಟ್ಟ ರಸ್ತೆಯ ಕಾಲ್ ಸೆಂಟರಿನಲ್ಲಿ ಹೊಸಬರಿಗೆ ಇಂಗ್ಲಿಷ್ ಉಚ್ಚಾರಣೆ ಕಲಿಸುತ್ತಿದ್ದಾರೆ. ಇನ್ನೊಬ್ಬರು ಮದುವೆ ರಿಸೆಪ್ಷನ್ನುಗಳಲ್ಲಿ "ಈಗ ಊಟದ ಕಡೆ ದಯಮಾಡಿಸಬೇಕು" ಎನ್ನುತ್ತಾರೆ. ಭಾರ್ಗವ ಎಂಬುವರು ಕೋಣನಕುಂಟೆಯಲ್ಲಿ ನಾಯಿಮರಿ ಸಾಕಿ ಮಾರುತ್ತಾರೆ, ನಾಯಿಗಳಿಗೆಲ್ಲ ಗಿಟಾರು ನುಡಿಸುವವರ ಹೆಸರು. ಜಯಸಿಂಹರಿಗೆ ಲಿಫ್ಟಿನೊಳಗೆ ಮಹಡಿ ಹೇಳುವುದು, ಜಾಹೀರಾತಿನ ಕೊನೆಯಲ್ಲಿ ಷರತ್ತುಗಳನ್ನು ಗಡಗಡ ಓದುವುದು, ಇಂಥ ಬಿಡಿ ಕೆಲಸ ಸಿಕ್ಕಿತು. ಉಳಿದ ದಿನವೆಲ್ಲ ಮನೆ. ಸುಮ್ಮನಿರಲಾರದ ಬಾಯಿ, ಬೆಳಿಗ್ಗೆ ಪೇಪರನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ಜೋರಾಗಿ ಓದತೊಡಗಿತು. ಬ್ಯಾಂಕಿಗೆ ಹೊರಡುವ ಗಡಿಬಿಡಿಯಲ್ಲಿದ್ದ ಹೆಂಡತಿ ಸೀತಾಲಕ್ಷ್ಮಿಯವರಿಗೆ ರೇಗಿತು. "ರೀ, ನನ್ನ ಕುಕ್ಕರಿಗೆ ಅನೌನ್ಸ್‌ಮೆಂಟ್ ಬೇಡ. ಕೇಳೋರು ಇರೋ ಕಡೆ ಹೋಗಿ ಓದಿ."

ಕೇಳುವವರು ಇರುವ ಕಡೆ ಯಾವುದೆಂಬುದೂ ಸೀತಾಲಕ್ಷ್ಮಿಯವರಿಗೇ ಗೊತ್ತಿತ್ತು. ಅವರಿಗೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ಚೂಡಾಮಣಿ ಮೇಡಂ ನಿವೃತ್ತರಾದ ಮೇಲೆ ಬನಶಂಕರಿಯ ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕಣ್ಣಿಲ್ಲದವರಿಗಾಗಿ ಕ್ಯಾಸೆಟ್ ಗ್ರಂಥಾಲಯ ನಡೆಸುತ್ತಿದ್ದರು. ಪುಸ್ತಕವನ್ನು ಯಾರಾದರೂ ಅದೇ ಮನೆಯ ಉಗ್ರಾಣದಲ್ಲಿ ಕೂತು ಓದಿ ಕ್ಯಾಸೆಟ್ಟಿಗೆ ತುಂಬಿಸುವುದು, ಬೇಕಾದವರು ಬಂದು ಒಯ್ದು ಕೇಳಿ ವಾಪಸು ತರುವುದು. ಜಯಸಿಂಹ ಮೊದಲ ದಿನ ಐದನೇ ಕ್ಲಾಸಿನ ಪಾಠವೊಂದನ್ನು ಭಾನುವಾರದ ಧಾಟಿಯಲ್ಲೇ ಓದಿದರು. ಚೂಡಾಮಣಿ ಕನ್ನಡಕದ ಮೇಲಿಂದ ನೋಡಿ, "ಪಾಠ ಓದ್ತಿದೀರೋ, ಹರಾಜು ಕೂಗ್ತಿದೀರೋ?" ಎಂದರು. ಇಷ್ಟಾದರೂ ಅವರನ್ನು ಉಳಿಸಿಕೊಂಡರು. ಬೇರೆಯವರು ಅರ್ಧ ಗಂಟೆಗೆ ಗಂಟಲು ಹಿಡಿಯಿತು ಎಂದು ಏಳುತ್ತಿದ್ದರು, ಈ ಗಂಟಲು ಎರಡು ಗಂಟೆಗೂ ದಣಿಯುತ್ತಿರಲಿಲ್ಲ.

ವಾರಕ್ಕೆ ಆರು ದಿನ, ದಿನಕ್ಕೆ ಒಂದೂವರೆ ಗಂಟೆ. ಒಂದು ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ ಅರ್ಧ ಗಂಟೆ, ಅಂದರೆ ಹೆಚ್ಚು ಕಡಿಮೆ ಹನ್ನೊಂದು ಪುಟ. ಎರಡು ವರ್ಷಗಳಲ್ಲಿ ಮೂವತ್ತೆಂಟು ಪುಸ್ತಕ. ನಾಲ್ಕನೇ ಟಿ ಬ್ಲಾಕಿನಿಂದ ಸ್ಕೂಟರಿನಲ್ಲಿ ಬರುತ್ತಾರೆ, ಸಿಗ್ನಲ್ಲುಗಳೆಲ್ಲ ಆಗ ಬರೀ ಹಳದಿ ಮಿಟುಕಿಸುತ್ತಿರುತ್ತವೆ. ಹೊರಡುವ ಮುಂಚೆ ಕಾಫಿ ಕುಡಿಯುವುದಿಲ್ಲ. ಹಾಲು ಕುಡಿದರೆ ಗಂಟಲಲ್ಲಿ ಕಫ ಕಟ್ಟುತ್ತದೆ, ಅದು ಟೇಪಿನಲ್ಲಿ ಕೇಳುತ್ತದೆ ಎಂಬುದು ರೇಡಿಯೋ ಕಾಲದ ಪಾಠ. ರೇಡಿಯೋ ಕಾಲದ ಪಾಠ ಇನ್ನೂ ಒಂದಿತ್ತು. ಎಡವಟ್ಟಾದದ್ದು ಅಲ್ಲೇ.

ಆ ಏಳು ಜನರಲ್ಲಿ ಒಬ್ಬನಾದ ಮೌನೇಶನಿಗೆ ಇಪ್ಪತ್ತಾರು ವರ್ಷ. ಲಿಂಗಸುಗೂರಿನ ಕಡೆಯವನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಆಮೇಲೆ ಟೆಲಿಫೋನ್ ಆಪರೇಟರ್ ತರಬೇತಿ ಪಡೆದು, ಬಿಟಿಎಂ ಲೇಔಟಿನ ಒಂದು ಆಫೀಸಿನಲ್ಲಿ ಕೂತು ಬಂದ ಫೋನನ್ನು ಬೇಕಾದವರಿಗೆ ಕೊಡುತ್ತಾನೆ. ನಾಲ್ಕು ವರ್ಷದಿಂದ ತಾತ್ಕಾಲಿಕ ನೌಕರಿ. ಈ ಜೂನ್ ಒಳಗೆ ಎಸ್ಸೆಸ್ಸೆಲ್ಸಿ ಪಾಸಾದರೆ ಕಾಯಂ ಮಾಡುತ್ತೇವೆ, ಇಲ್ಲದಿದ್ದರೆ ಬೇರೆಯವರನ್ನು ನೋಡುತ್ತೇವೆ ಎಂದು ಆಫೀಸಿನವರು ಹೇಳಿದ್ದರು. ಹೋದ ವರ್ಷ ಖಾಸಗಿಯಾಗಿ ಕಟ್ಟಿ ಕನ್ನಡವೊಂದರಲ್ಲೇ ನಪಾಸಾಗಿದ್ದ. ಕನ್ನಡದವನು ಕನ್ನಡದಲ್ಲಿ ಫೇಲ್ ಎಂದು ರೂಮಿನವರು ಆಡಿಕೊಂಡು ನಕ್ಕಿದ್ದರು. ಅವನಿಗೆ ಶಾಲೆಯಿಲ್ಲ, ಟ್ಯೂಷನ್ನಿಲ್ಲ. ಇದ್ದ ಒಬ್ಬನೇ ಮೇಷ್ಟ್ರು ಜಯಸಿಂಹರ ಕ್ಯಾಸೆಟ್ಟು.

ಈ ಫೆಬ್ರವರಿಯ ಒಂದು ಭಾನುವಾರ ಕ್ಯಾಸೆಟ್ ಬದಲಾಯಿಸಲು ಬಂದ ಮೌನೇಶನನ್ನು ಚೂಡಾಮಣಿ ಸುಮ್ಮನೆ ಪರೀಕ್ಷಿಸಿದರು. ಊರು ಊರು ಸೇರಿ ಊರೂರು, ಯಾವ ಸಂಧಿ?

"ಆಗಮ ಸಂಧಿ ರೀ ಮೇಡಂ."

"ಕೈಯನ್ನು?"

"ಆದೇಶ ಸಂಧಿ ರೀ."

"ಮಳೆಗಾಲ?"

"ಅದು ಸವರ್ಣದೀರ್ಘ ಸಂಧಿ ರೀ." ಮೂರೂ ತಪ್ಪು, ಆದರೆ ಒಂದಕ್ಕೂ ತಡವರಿಸಲಿಲ್ಲ. ಕಂಠಪಾಠ.

ಮೂವತ್ತನಾಲ್ಕು ವರ್ಷ ಪಾಠ ಮಾಡಿದ ಚೂಡಾಮಣಿಗೆ ಹುಡುಗರ ತಪ್ಪು ಹೊಸದಲ್ಲ. ಆದರೆ ಇದು ಓದದವನ ತಪ್ಪಿನಂತೆ ಕಾಣಲಿಲ್ಲ. ಅಲ್ಲೇ ಕಾದು ಕೂತಿದ್ದ, ಅದೇ ಪರೀಕ್ಷೆಗೆ ಕಟ್ಟಿದ್ದ ರೇಣವ್ವ ಎಂಬ ಹುಡುಗಿಯನ್ನು ಕರೆದು ಅದೇ ಮೂರು ಪ್ರಶ್ನೆ ಕೇಳಿದರು. ಅದೇ ಮೂರು ಉತ್ತರ ಬಂತು, ಅದೇ ಗಟ್ಟಿ ದನಿಯಲ್ಲಿ. "ಒಬ್ಬ ತಪ್ಪಿದ್ರೆ ಅದು ಹುಡುಗನದ್ದು. ಎಲ್ಲರೂ ಒಂದೇ ಥರ ತಪ್ಪಿದ್ರೆ ಅದು ಮೇಷ್ಟ್ರದ್ದು" ಎನ್ನುತ್ತಾರೆ ಚೂಡಾಮಣಿ. ಜಯಸಿಂಹರಿಗೆ ಫೋನ್ ಹೋಯಿತು. ವ್ಯಾಕರಣದ ಕ್ಯಾಸೆಟ್ಟನ್ನು ಎಲ್ಲರೂ ಕೂತು ಕೇಳಿದರು.

ಪುಸ್ತಕದಲ್ಲಿ ಇದ್ದದ್ದು ಇದ್ದ ಹಾಗೇ ಇತ್ತು, ಒಂದಕ್ಷರ ಆಚೀಚೆ ಆಗಿರಲಿಲ್ಲ. ಮೊದಲು ತಲೆಬರಹ, ಆಮೇಲೆ ವಿವರಣೆ, ಆಮೇಲೆ ಉದಾಹರಣೆ, ಅದಾದ ಮೇಲೆ ಮುಂದಿನ ತಲೆಬರಹ. ಆದರೆ ಟೇಪಿನಲ್ಲಿ ಕೇಳಿದ್ದು ಹೀಗೆ: "ಮಳೆಗಾಲ, ಬೆಟ್ಟದಾವರೆ, ಕಂಬನಿ, ಸವರ್ಣದೀರ್ಘ ಸಂಧಿ." ಕೊನೆಯ ಮಾತಿಗೆ ದನಿ ಇಳಿದು, ಮುಗಿಯಿತು ಎಂಬಂತೆ ನಿಲ್ಲುತ್ತಿತ್ತು. ಆಮೇಲೆ ಒಂದು ಗುಟುಕು ನೀರು ಕುಡಿಯುವಷ್ಟು ಬಿಡುವು. ಅನಂತರ ಸವರ್ಣದೀರ್ಘದ ವಿವರಣೆ ಶುರು. ಕಣ್ಣಿದ್ದವರಿಗೆ ಪುಟದ ಮೇಲೆ ತಲೆಬರಹ ದಪ್ಪಕ್ಷರದಲ್ಲಿ ಬೇರೆಯಾಗಿ ಕಾಣುತ್ತದೆ. ಕಿವಿಗೆ ಎಲ್ಲಿ ಬಿಡುವೋ ಅಲ್ಲೇ ಗೆರೆ. ಹಾಗಾಗಿ ಪ್ರತಿ ಹೆಸರೂ ಅದರ ಹಿಂದಿನ ವಿವರಣೆಗೆ ಅಂಟಿಕೊಂಡಿತ್ತು. ಮಳೆಗಾಲ ಆದೇಶ ಸಂಧಿ ಎಂಬುದು ಇಡೀ ಕರ್ನಾಟಕಕ್ಕೆ ಗೊತ್ತು, ಈ ಏಳು ಜನಕ್ಕೆ ಮಾತ್ರ ಸವರ್ಣದೀರ್ಘ.

ಜಯಸಿಂಹರಿಗೆ ಆ ಧಾಟಿ ಚೆನ್ನಾಗಿ ಗೊತ್ತಿತ್ತು. "ರಾಕ್ ಶೋದಲ್ಲಿ ಹಾಡಿನ ಹೆಸರು ಮೊದಲು ಹೇಳಲ್ಲ ಸಾರ್. ಹಾಡು ಮುಗಿದ ಮೇಲೆ ಹೇಳೋದು, ಅದಕ್ಕೆ ಬ್ಯಾಕ್ ಅನೌನ್ಸ್ ಅಂತೀವಿ. ಹೆಸರು ತಿಳ್ಕೊಳ್ಳೋಕಾದ್ರೂ ಜನ ಕೊನೇವರೆಗೂ ಕೇಳ್ಲಿ ಅಂತ. ಹಾಡು ಮುಗೀತಿದ್ದ ಹಾಗೇ, ಒಂದು ಸೆಕೆಂಡೂ ಖಾಲಿ ಬಿಡದ ಹಾಗೆ, ಹೆಸರು ಹೇಳಿ ದನಿ ಇಳಿಸ್ಬೇಕು. ಹದಿಮೂರು ವರ್ಷ ಅದನ್ನೇ ಮಾಡಿದೀನಿ. ದಪ್ಪಕ್ಷರದ ಹೆಸರು ಕಂಡ್ರೆ ಸಾಕು, ಬಾಯಿ ತಾನಾಗೇ ಹಾಗೆ ಹೇಳಿಬಿಡುತ್ತೆ. ನನಗೇ ಗೊತ್ತಾಗ್ಲಿಲ್ಲ." ಹಾಡಿಗೆ ಹೊಂದಿದ್ದು ವ್ಯಾಕರಣಕ್ಕೆ ಹೊಂದಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಕಲಿತ ಗುಣವೂ ಹಾಗೇ.

ತಪ್ಪು ವ್ಯಾಕರಣಕ್ಕೆ ನಿಂತಿರಲಿಲ್ಲ. ಸಮಾಸ, ಅಲಂಕಾರ, ವಿಜ್ಞಾನದ ವ್ಯಾಖ್ಯೆಗಳು, ಸಮಾಜದ ಕಿರು ಟಿಪ್ಪಣಿಗಳು, ಎಲ್ಲದರ ಹೆಸರೂ ಒಂದೊಂದು ಮನೆ ಮೇಲಕ್ಕೆ ಸರಿದಿತ್ತು. ಹೋದ ವರ್ಷ ಮೌನೇಶ ಕನ್ನಡದಲ್ಲಿ ನಪಾಸಾದದ್ದೂ ಇದೇ ಕ್ಯಾಸೆಟ್ಟಿನಿಂದಲೇ ಎಂದು ಲೆಕ್ಕ ಹಾಕಲು ಯಾರಿಗೂ ಹೊತ್ತು ಹಿಡಿಯಲಿಲ್ಲ. ಜಯಸಿಂಹ ಮೌನೇಶನ ಎರಡೂ ಕೈ ಹಿಡಿದುಕೊಂಡು ತಪ್ಪಾಯಿತು ಎಂದರು. ಮೌನೇಶ ಹೇಳಿದ್ದು ಇಷ್ಟೇ: "ನಾನು ದಡ್ಡ ಇದ್ದೀನಿ ಅಂತ ತಿಳಕೊಂಡಿದ್ನಿರಿ ಸರ. ಅಲ್ಲ ಅಂತ ಗೊತ್ತಾತಲ್ರಿ, ಅಷ್ಟ ಸಾಕ್ರಿ."

ಪರೀಕ್ಷೆಗೆ ಆರು ವಾರವೂ ಇರಲಿಲ್ಲ. ಮೂವತ್ತೊಂದು ಕ್ಯಾಸೆಟ್ಟು ಮತ್ತೆ ಓದಬೇಕಿತ್ತು. ಜಯಸಿಂಹ ಲಿಫ್ಟು, ಜಾಹೀರಾತು ಎಲ್ಲ ಬಿಟ್ಟು ಜಾವದ ನಾಲ್ಕಕ್ಕೇ ಉಗ್ರಾಣ ಸೇರಿದರು. ಎದುರಿಗೆ ಚೂಡಾಮಣಿ ಒಂದು ತಾಳ ಹಿಡಿದು ಕೂತರು. ತಲೆಬರಹಕ್ಕೆ ಮೊದಲು ಮನಸ್ಸಿನಲ್ಲಿ ನಾಲ್ಕು ಎಣಿಸಿ ಸುಮ್ಮನಿರಬೇಕು, ದನಿ ಏರಿಸಿ ಹೆಸರು ಹೇಳಬೇಕು, ಆ ದನಿ ಇಳಿಯುವ ಮುಂಚೆ ವಿವರಣೆ ಹಿಡಿಯಬೇಕು. ತಪ್ಪಿದರೆ ತಾಳ ಠಣ್ ಎನ್ನುತ್ತಿತ್ತು. ಮೊದಲ ದಿನ ಪಾಠಕ್ಕಿಂತ ತಾಳವೇ ಹೆಚ್ಚು ಕೇಳಿತು. "ಸೊಸೆಗೆ ಹಾಡು ಹೇಳ್ಕೊಡೋದೇ ಸುಲಭ ಇತ್ತು" ಎಂದು ಚೂಡಾಮಣಿ ಈಗ ನಗುತ್ತಾರೆ. ಇಪ್ಪತ್ತಮೂರು ದಿನಕ್ಕೆ ಅಷ್ಟೂ ಮುಗಿಯಿತು.

ಓದಿದ್ದೇನೋ ಆಯಿತು, ಕಲಿತದ್ದನ್ನು ಅಳಿಸುವುದು ಹೇಗೆ? "ತಪ್ಪು ಒಳಗ ಚಕ್ಕಳಮಕ್ಕಳ ಹಾಕ್ಕೊಂಡು ಕುಂತಿತ್ರಿ. ಎಬ್ಬಸೂದು ಭಾಳ ತ್ರಾಸ ಆತು" ಎನ್ನುತ್ತಾನೆ ಮೌನೇಶ. ಸರಿಯಾದ ಉತ್ತರ ಹೇಳುವ ಮುಂಚೆ ಹಳೆಯದೇ ನಾಲಿಗೆಗೆ ಬರುತ್ತಿತ್ತು. ಜಯಸಿಂಹ ದಿನಾ ಬೆಳಿಗ್ಗೆ ಏಳಕ್ಕೆ ಅವನಿಗೆ ಫೋನ್ ಮಾಡಿ ಹತ್ತು ಪ್ರಶ್ನೆ ಕೇಳುತ್ತಿದ್ದರು. ಪರೀಕ್ಷೆಯ ಹಿಂದಿನ ದಿನ ಹತ್ತಕ್ಕೆ ಎಂಟು ಸರಿ. ಆ ಎರಡು ತಪ್ಪು ಜಯಸಿಂಹರನ್ನು ಎರಡು ತಿಂಗಳು ಕಾಡಿದೆ. ಅವರ ತೂಕ ಇಳಿದಿದೆ ಎಂದು ಸೀತಾಲಕ್ಷ್ಮಿ ಹೇಳುತ್ತಾರೆ. "ಕೆಲಸ ಹೋದಾಗಲೂ ಹೀಗಿರ್ಲಿಲ್ಲ. ಊಟಕ್ಕೆ ಕೂತ್ರೆ ಸಾರು ಕಲಸ್ತಾ ಸಂಧಿ ಬಿಡಿಸ್ತಾರೆ."

ಇವತ್ತು ಹನ್ನೆರಡಕ್ಕೆ ಮೌನೇಶ ಆಫೀಸಿನಲ್ಲಿ ಡ್ಯೂಟಿಯಲ್ಲಿದ್ದಾನೆ. ಫಲಿತಾಂಶವನ್ನು ಕಂಪ್ಯೂಟರಿನಲ್ಲಿ ನೋಡಿ ಹೇಳುತ್ತೇನೆ ಎಂದು ಅನ್ನಪೂರ್ಣ ಎಂಬ ಸಹೋದ್ಯೋಗಿ ಒಪ್ಪಿದ್ದಾರೆ. ಇಲ್ಲಿ ಚೂಡಾಮಣಿಯವರ ಮುಂದಿನ ಕೋಣೆಯಲ್ಲಿ ಫೋನಿನ ಪಕ್ಕ ಜಯಸಿಂಹ. ಹನ್ನೆರಡು ಹತ್ತಕ್ಕೆ ರೇಣವ್ವನ ಫೋನು: ಪಾಸು. ಆಮೇಲೆ ಇನ್ನಿಬ್ಬರದು: ಪಾಸು, ಪಾಸು. ಒಂದರ ಹೊತ್ತಿಗೆ ಆರು ಜನರ ಸುದ್ದಿ ಬಂದಿದೆ. ಐವರು ಪಾಸು, ಒಬ್ಬ ಗಣಿತದಲ್ಲಿ ಉಳಿದಿದ್ದಾನೆ. ಜೂನ್ ಪರೀಕ್ಷೆಗೆ ಕಟ್ಟಬಹುದು. "ಗಣಿತ ಓದಿದ್ದು ನಾನಲ್ಲ ಮೇಡಂ" ಎಂದು ಬಾಯಿಂದ ಹೊರಟಮೇಲೆ ಜಯಸಿಂಹ ನಾಲಿಗೆ ಕಚ್ಚಿಕೊಳ್ಳುತ್ತಾರೆ. ಮೌನೇಶನ ಸುದ್ದಿ ಇಲ್ಲ. ಆಫೀಸಿಗೆ ಫೋನ್ ಮಾಡಿದರೆ ಎತ್ತುವವನು ಅವನೇ, ಕೇಳುವ ಧೈರ್ಯ ಇವರಿಗಿಲ್ಲ. ಕಾಫಿ ಬಂದು ಆರುತ್ತದೆ.

ಒಂದೂ ಕಾಲಿಗೆ ಫೋನ್ ಮೊಳಗುತ್ತದೆ. ಎಲ್ಲರಿಗೂ ಕೇಳಲೆಂದು ಜಯಸಿಂಹ ಸ್ಪೀಕರಿನ ಗುಂಡಿ ಒತ್ತುತ್ತಾರೆ.

"ಸರ, ನಾನ್ರಿ. ಫೋನ್ ಒಂದೇ ಸವನ ಬರಾಕತ್ತಿದ್ವು, ನಡುವ ಬಿಡಾಕ ಆಗ್ಲಿಲ್ರಿ."

"ಏನಾಯ್ತಪ್ಪ? ಮೊದ್ಲು ಅದು ಹೇಳು."

"ಪಾಸ್ ಆದ್ನಿರಿ. ಸೆಕೆಂಡ್ ಕ್ಲಾಸ್. ಕನ್ನಡಕ್ಕ ನೂರಾ ಇಪ್ಪತ್ತೈದಕ್ಕ ಎಂಬತ್ತಾರು. ಅನ್ನಪೂರ್ಣ ಮೇಡಮ್ಮಾರ ಕಡೆ ಎರಡ ಸಲ ಓದಿಸಿದ್ನಿ."

ಜಯಸಿಂಹ ಹೆಗಲ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಡುತ್ತಾರೆ. ಎರಡು ತಿಂಗಳ ಭಾರ ಇಳಿದದ್ದು ಕೋಣೆಯಲ್ಲಿದ್ದವರಿಗೆಲ್ಲ ಕಾಣುತ್ತದೆ. ಚೂಡಾಮಣಿ ಅವರ ಬದಲು ತಾವೇ ಮಾತಾಡುತ್ತಾರೆ, ನೌಕರಿ ವಿಷಯ ಕೇಳುತ್ತಾರೆ. ಮ್ಯಾನೇಜರಿಗೆ ಆಗಲೇ ಹೇಳಿಯಾಗಿದೆ, ಸೋಮವಾರ ಕಾಗದ ತಯಾರಾಗುತ್ತದೆ. ಪಿಯುಸಿಗೂ ಕಟ್ಟುತ್ತೇನೆ ಎಂದು ಮೌನೇಶ ಹೇಳಿ, ಮತ್ತೊಂದು ಕರೆ ಬಂತೆಂದು ಲೈನು ಬಿಡುತ್ತಾನೆ.

ಮುಖ ತೊಳೆದು ಬಂದ ಜಯಸಿಂಹರಿಗೆ ಈಗ ಹಸಿವು. ಮೇಡಂ ಬಡಿಸಿದ ಚಿತ್ರಾನ್ನವನ್ನು ಎರಡು ಸಲ ಹಾಕಿಸಿಕೊಳ್ಳುತ್ತಾರೆ. ಮುಂದೆ ಏನು ಆಸೆ ಎಂದು ಕೇಳಿದರೆ, ಹುಡುಗರು ಯಾವ ಪುಸ್ತಕ ಕೇಳಿದರೂ ಇಲ್ಲ ಎನ್ನದಂತಾದರೆ ಸಾಕು ಎನ್ನುತ್ತಾರೆ. ರೇಡಿಯೋ ನೆನಪಾಗುವುದಿಲ್ಲವೇ ಎಂದರೆ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಡುತ್ತಾರೆ.

"ಹದಿಮೂರು ವರ್ಷ ಮಾತಾಡ್ದೆ ಸಾರ್. ನಾನು ಒಂದು ಹಾಡಿಗೆ ಬದಲು ಇನ್ನೊಂದರ ಹೆಸರು ಹೇಳಿದ್ರೂ ಒಬ್ರೂ ಕೇಳ್ತಿರ್ಲಿಲ್ಲ. ಈ ಏಳು ಜನ ನೋಡಿ, ನನ್ನ ತಪ್ಪನ್ನೂ ಒಂದಕ್ಷರ ಬಿಡದ ಹಾಗೆ ಕಲ್ತಿದ್ರು."